ಯಾವ ಸಾಲಿಗೂ ಸೇರದವರ ಬಗ್ಗೆ ಬಂದ ಬೇರೆ ಥರದ ಸಿನಿಮಾ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಇಷ್ಟು: ಊರಲ್ಲಿ ಯಾರ ಜೊತೆಗೂ ಹೊಂದದ, ಎಲ್ಲರೂ ದೂರ ಇಟ್ಟ ಜನರ ಬಗ್ಗೆ ಕಡಿಮೆ ದುಡ್ಡಲ್ಲಿ ಮಾಡಿದ ಸಿನಿಮಾಗಳಲ್ಲಿ ಯಾವುದನ್ನು ನೋಡಲಿ? ಜೊತೆಗೆ, ವಿಜಯಪುರದ ನಿಮ್ಮ ಗೆಳೆಯರು ಇಂಥವನ್ನು ಹತ್ತು ನಿಮಿಷ ನೋಡಿ ಎದ್ದು ಹೋಗುತ್ತಾರೆ, ನಮ್ಮ ಕಡೆ ಮಂದಿಗೆ ಇವು ಹಿಡಿಸೋದೇ ಇಲ್ಲವೇನೋ ಅಂತಲೂ ಬರೆದಿದ್ದೀರಿ.

ಮೊದಲು ಹೆಸರು ಹೇಳಿಬಿಡುತ್ತೇನೆ. ಗಿರೀಶ ಕಾಸರವಳ್ಳಿಯವರ 'ಕನಸೆಂಬೋ ಕುದುರೆಯನೇರಿ'ಯಿಂದ ಶುರು ಮಾಡಿ. ಅದಾದ ಮೇಲೆ 'ಶಿವಮ್ಮ' ನೋಡಿ. ಎರಡೂ ಉತ್ತರ ಕರ್ನಾಟಕದ ಕಥೆಗಳು. ಮಾತು ನಮ್ಮದು, ಬಿಸಿಲು ನಮ್ಮದು. ಫಿನ್‌ಲೆಂಡ್, ಅಮೆರಿಕದ ಸಿನಿಮಾ ಆಮೇಲೆ ನೋಡಿದರಾಯಿತು.

ನಾನು ಬನಹಟ್ಟಿಯಲ್ಲಿ ಮದುವೆ ವಿಡಿಯೊ ತೆಗೆಯುವವನು. ಈ ಸಿನಿಮಾಗಳ ಹುಚ್ಚು ಹತ್ತಿದ್ದು ಈ ಕೆಲಸದಿಂದಲೇ. ಅಕ್ಕಿಕಾಳು ಹಾಕುವ ಹೊತ್ತಿಗೆ ಕ್ಯಾಮೆರಾ ಎಲ್ಲಿರಬೇಕು ಅಂತ ಎಲ್ಲರಿಗೂ ಗೊತ್ತು. ಎಲ್ಲಿ ಇರಬಾರದು ಅನ್ನೋದೂ ಅಷ್ಟೇ ಚೆನ್ನಾಗಿ ಗೊತ್ತು. ಕಂಬದ ಹಿಂದೆ ನಿಂತ ವಿಧವೆ ಅತ್ತೆ, ಕುಡಿದು ಬಂದ ಕಾಕಾ, ಮದುವೆಯಾಗದೆ ಉಳಿದ ಅಣ್ಣ, ಪಂಗ್ತಿ ಎಲ್ಲ ಎದ್ದ ಮೇಲೆ ಹೊರಗೆ ಕೂತು ಉಣ್ಣುವ ಬಾಜಂತ್ರಿಯವರು. ಎಡಿಟಿಂಗ್‌ಗೆ ಕೂತಾಗ ಮನೆಯವರು ಪಕ್ಕದಲ್ಲೇ ಕೂತು 'ಇದು ತೆಗೀರಿ, ಅದು ತೆಗೀರಿ' ಅಂತಾರೆ. ತೆಗೆದುಹಾಕಿದ್ದರಲ್ಲಿ ಹೆಚ್ಚು ಭಾಗ ಇಂಥವರದೇ ಇರುತ್ತದೆ. ನೀವು ಕೇಳುತ್ತಿರುವ ಸಿನಿಮಾಗಳು ಹೀಗೆ ಕತ್ತರಿಸಿ ಬಿಸಾಡಿದವರನ್ನೇ ಹಿಡಿದುಕೊಂಡು ಎರಡು ತಾಸು ಬಿಡದೆ ನೋಡುತ್ತವೆ. ನಾನು ಒಂದು ಸಿನಿಮಾ ಒಳ್ಳೆಯದೋ ಅಲ್ಲವೋ ಅಂತ ಅಳೆಯೋದೂ ಇದರಿಂದಲೇ. ಅವರ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲುತ್ತದೆ? ಮರುಕ ತೋರಿಸೋಕೆ ನಿಲ್ಲುತ್ತಾ, ಇಲ್ಲಾ ಅವರ ಜೊತೆ ಇರೋಕೆ ನಿಲ್ಲುತ್ತಾ?

'ಕನಸೆಂಬೋ ಕುದುರೆಯನೇರಿ'ಯ ಈರ್ಯಾ ಹೆಣ ಹೂಳಲು ಕುಣಿ ತೋಡುವವ. ಅಮರೇಶ ನುಗಡೋಣಿಯವರ 'ಸವಾರಿ' ಅನ್ನೋ ಕಥೆ ಇದಕ್ಕೆ ಮೂಲ. ಅವನು ದೇವರೆಂದು ನಂಬಿದ ಸಿದ್ಧ ಕನಸಲ್ಲಿ ಬಂದರೆ ಊರಲ್ಲಿ ಒಂದು ಸಾವು ಖಾತ್ರಿ. ಅವನೂ ಅವನ ಹೆಂಡತಿ ರುದ್ರಿಯೂ ಇದನ್ನು ಪೂರ್ತಿ ನಂಬಿದವರು. ಒಂದು ರಾತ್ರಿ ಸಿದ್ಧ ಕಾಣಿಸುತ್ತಾನೆ. ಊರ ಗೌಡರು ಹಾಸಿಗೆ ಹಿಡಿದಿದ್ದಾರೆ, ಅವರೇ ಇರಬೇಕು ಅಂತ ಹೋಗಿ ಕೇಳಿದರೆ, ಇಲ್ಲ, ಯಾರೂ ಸತ್ತಿಲ್ಲ ಅನ್ನುತ್ತಾರೆ. ನಿಜ ಏನೆಂದರೆ ಮನೆಯವರು ತಮ್ಮ ಲೆಕ್ಕಾಚಾರಕ್ಕಾಗಿ ಸಾವನ್ನೇ ಮುಚ್ಚಿಟ್ಟಿದ್ದಾರೆ. ಅದು ನಮಗೆ ಗೊತ್ತಾಗುತ್ತದೆ, ಈರ್ಯಾನಿಗೆ ಗೊತ್ತಿಲ್ಲ. ಕೂಲಿ ತಪ್ಪಿತಲ್ಲ ಅನ್ನೋದಕ್ಕಿಂತ ತನ್ನ ಸಿದ್ಧ ಸುಳ್ಳಾದನಲ್ಲ ಅನ್ನೋ ಸಂಕಟ ಅವನಿಗೆ ದೊಡ್ಡದು. ಊರು ಅವನನ್ನು ಹತ್ತಿರ ಬಿಟ್ಟುಕೊಂಡಿಲ್ಲ, ದೇವರೊಬ್ಬ ಹತ್ತಿರ ಇದ್ದ. ಈಗ ಅವನೂ ಕೈಬಿಟ್ಟ ಹಾಗಾಯಿತು.

ಈರ್ಯಾನ ಪಾತ್ರ ಮಾಡಿದವರು ಬೀದರ್ ಜಿಲ್ಲೆಯ ವೈಜನಾಥ ಬಿರಾದಾರ. ಹೆಸರು ಹೇಳಿದರೆ ಗೊತ್ತಾಗದಿದ್ದರೂ ಮುಖ ನೋಡಿದ ಕೂಡಲೇ ಗುರುತು ಹಿಡಿಯುತ್ತೀರಿ. ವರ್ಷಗಟ್ಟಲೆ ನಮ್ಮ ಸಿನಿಮಾಗಳಲ್ಲಿ ಕುಡುಕನಾಗಿ, ಭಿಕ್ಷುಕನಾಗಿ ಒಂದೆರಡು ನಿಮಿಷ ಬಂದು ನಗಿಸಿ ಹೋದವರು. ಸಿನಿಮಾ ಮಂದಿಯೇ ಅಂಚಿಗೆ ಇಟ್ಟಿದ್ದ ಆ ಮುಖವನ್ನು ಇಲ್ಲಿ ಚಿತ್ರದ ನಡುವಿಗೇ ತಂದು ಕೂರಿಸಿದ್ದಾರೆ. 2011ರಲ್ಲಿ ಸ್ಪೇನ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಈ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ರುದ್ರಿ ಆಗಿರುವವರು ಉಮಾಶ್ರೀ. ನಮ್ಮ ತೇರದಾಳ ಕ್ಷೇತ್ರದಿಂದ 2013ರಲ್ಲಿ ಗೆದ್ದು ಮಂತ್ರಿಯಾದವರು ಅವರೇ. ಇಲ್ಲಿನ ಎಷ್ಟೋ ಜನರಿಗೆ ಅವರು 'ಮಂತ್ರಿ ಮೇಡಂ' ಅಂತಲೇ ಪರಿಚಯ. ಈ ಸಿನಿಮಾ ನೋಡಿದರೆ ಅವರು ಎಷ್ಟು ದೊಡ್ಡ ನಟಿ ಅನ್ನೋದು ತಿಳಿಯುತ್ತದೆ.

ಈಗ ನಿಮ್ಮ ಗೆಳೆಯರ ವಿಷಯ. ನಮ್ಮ ಮಂದಿಗೆ ಹಿಡಿಸಲ್ಲ ಅನ್ನೋ ಮಾತನ್ನು ನಾನು ಒಪ್ಪಲ್ಲ. ಬೈಲಹೊಂಗಲದ ಕಡೆ ಹುಟ್ಟಿದ ಸಂಗ್ಯಾ ಬಾಳ್ಯಾ ಸಣ್ಣಾಟ, ಅಂದರೆ ಹಾಡಿ ಆಡುವ ಜನಪದ ನಾಟಕ, ನೋಡಿ. ಸಂಗ್ಯಾ ಇನ್ನೊಬ್ಬನ ಹೆಂಡತಿಗೆ ಮನಸೋತವನು, ಕೊನೆಗೆ ಕೊಲೆಯಾಗಿ ಹೋಗುವವನು. ಊರಿನ ಕಟ್ಟಳೆ ಮುರಿದ ಅವನ ಕಥೆಯನ್ನು ನಮ್ಮ ಹಿರಿಯರು ಬೆಳ್ಳಂಬೆಳಗಿನ ತನಕ ಕೂತು ನೋಡಿದವರು. ಅವನು ಸಾಯುವಾಗ ಕಣ್ಣೀರು ಹಾಕಿದವರು. ಹಾಡು ನಿಧಾನ ಆಯಿತು ಅಂತ ಯಾರೂ ಎದ್ದು ಹೋಗಲಿಲ್ಲ. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಟೆಂಟ್‌ನಲ್ಲೂ ರಾತ್ರಿಯಿಡೀ ಕೂರುವ ಮಂದಿ ನಮ್ಮವರು. ತಾಳ್ಮೆ ಇದೆ. ಆದರೆ ಮೊಬೈಲ್‌ನಲ್ಲಿ, ಒಬ್ಬೊಬ್ಬರೇ, ನಡುವೆ ಮೆಸೇಜ್ ನೋಡುತ್ತಾ ಸಿನಿಮಾ ನೋಡಿದರೆ ಆ ತಾಳ್ಮೆ ಎಲ್ಲಿಂದ ಬರಬೇಕು? ಟಿವಿಗೆ ಹಾಕಿ, ನಾಲ್ಕು ಜನ ಸೇರಿ, ಚುರುಮುರಿ ಮುಂದಿಟ್ಟುಕೊಂಡು ನೋಡಿ. ವೇಗ ಹೆಚ್ಚಿಸಿ ನೋಡೋದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಈ ಸಿನಿಮಾಗಳಲ್ಲಿ ಯಾರೂ ಮಾತಾಡದ ಜಾಗದಲ್ಲೇ ಅರ್ಧ ಕಥೆ ಇರುತ್ತದೆ.

ನಿಮ್ಮ ಗೆಳೆಯರು 'ಶಿವಮ್ಮ'ನಿಂದ ಎದ್ದು ಹೋಗಲ್ಲ ಅಂತ ನಾನು ಬರೆದುಕೊಡುತ್ತೇನೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಆ ಊರಿನವರನ್ನೇ ಹಾಕಿಕೊಂಡು ಜೈಶಂಕರ್ ಆರ್ಯರ್ ಮಾಡಿದ ಸಿನಿಮಾ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ತಲೆ ಮೇಲಿದೆ. ಇಂಥ ಹೊತ್ತಲ್ಲಿ ಅವಳು ಇದ್ದಬದ್ದ ದುಡ್ಡು ಸುರಿದು ಶಕ್ತಿಪುಡಿ ಮಾರುವ ಚೈನ್ ಬಿಸಿನೆಸ್‌ಗೆ ಇಳಿಯುತ್ತಾಳೆ. 'ನೀವು ಸೇರಿರಿ, ಕೆಳಗೆ ಇನ್ನಿಷ್ಟು ಜನರನ್ನು ಸೇರಿಸಿರಿ' ಅನ್ನೋ ಲೆಕ್ಕ. ಇಂಥ ಡಬ್ಬಿ ಹಿಡಿದು ಮನೆಗೆ ಬಂದ ಸಂಬಂಧಿಕರು ನಮ್ಮೆಲ್ಲರಿಗೂ ಇದ್ದಾರೆ, ಅಲ್ವಾ? ಅವರು ಬರುವುದು ಕಂಡರೆ ಜನ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಈ ಸಿನಿಮಾ ಬಾಗಿಲ ಹೊರಗೆ ನಿಂತ ಶಿವಮ್ಮನ ಜೊತೆಗೇ ನಿಲ್ಲುತ್ತದೆ.

ನನಗೆ ಈ ಸಿನಿಮಾದಲ್ಲಿ ತುಂಬಾ ಇಷ್ಟವಾಗುವುದು ಶಿವಮ್ಮನ ಹಟ. ಆ ಪುಡಿ ಮೇಲೆ ಅವಳಿಗೆ ನಿಜವಾದ ನಂಬಿಕೆ ಇದೆ. ಅವಳು ಮೋಸಗಾರ್ತಿ ಅಲ್ಲ, ಪಾಪದ ಹೆಂಗಸೂ ಅಲ್ಲ. ಕೆಲವು ಸಲ ಸಿಟ್ಟು ಬರುತ್ತದೆ, 'ಬಿಡವ್ವ ಸಾಕು' ಅನ್ನಬೇಕು ಅನ್ನಿಸುತ್ತದೆ. ಆದರೂ ಕಣ್ಣು ತೆಗೆಯೋಕೆ ಆಗಲ್ಲ. ಶಿವಮ್ಮನಾಗಿರುವ ಶರಣಮ್ಮ ಚಟ್ಟಿ ಅವರು ಸೆರಗು ಸಿಕ್ಕಿಸಿಕೊಂಡು ಚೀಲ ಹಿಡಿದು ಹೊರಡುವ ರೀತಿ ನೋಡಿ. ಅದನ್ನು ಯಾವ ನಟನಾ ಶಾಲೆಯೂ ಕಲಿಸಲ್ಲ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಇದಕ್ಕೆ ಬಂತು. ನಮ್ಮ ಥಿಯೇಟರ್‌ಗಳಿಗೆ ಬಂದದ್ದು 2024ರಲ್ಲಿ.

'ತಿಥಿ' ನೀವು ನೋಡಿರಬಹುದು. ನೋಡಿದ್ದರೂ ಇನ್ನೊಮ್ಮೆ ನೋಡಿ. ರಾಮ್ ರೆಡ್ಡಿ, ಈರೇಗೌಡ ಇಬ್ಬರೂ ಸೇರಿ ಬರೆದು ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಜನ ಇದನ್ನು ನಗುವಿನ ಸಿನಿಮಾ ಅಂತ ನೆನಪಿಟ್ಟುಕೊಂಡಿದ್ದಾರೆ. ನನಗೆ ಉಳಿದಿದ್ದು ಗಡ್ಡಪ್ಪ. ಅವನಿಗೆ ಜಮೀನು ಬೇಡ, ಮನೆ ಬೇಡ, ಅಪ್ಪ ಸತ್ತ ಸುದ್ದಿ ಬಂದರೂ ಗಡಿಬಿಡಿ ಇಲ್ಲ. ಬ್ರಾಂದಿ ಕುಡಿಯುತ್ತಾ ಹೊಲದಲ್ಲಿ ನಡೆಯುತ್ತಲೇ ಇರುತ್ತಾನೆ. ಮಗ ಜಮೀನು ಮಾರಬೇಕು ಅಂತ ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸಲು ಓಡಾಡುತ್ತಾನೆ. ಗಡ್ಡಪ್ಪ ಕುರಿಗಾರರ ಜೊತೆ ಸೇರಿಕೊಳ್ಳುತ್ತಾನೆ. ರಾತ್ರಿ ಬೆಂಕಿ ಮುಂದೆ ಕೂತು ತಾನು ಹೀಗೇಕಾದೆ ಅಂತ ಅವರಿಗೆ ಹೇಳುವ ದೃಶ್ಯ ಇದೆ. ದನಿ ಏರಿಸಲ್ಲ, ಅಳಲ್ಲ, ಯಾವತ್ತೋ ಮುಗಿದ ಮಾತು ಅನ್ನೋ ಹಾಗೆ ಹೇಳುತ್ತಾನೆ. ಅಲ್ಲಿ ತನಕ ನಕ್ಕವರೆಲ್ಲ ಸುಮ್ಮನಾಗುತ್ತಾರೆ. ರಾಯಬಾಗ, ಚಿಕ್ಕೋಡಿ ಕಡೆಯ ಕುರಿಗಾರರು ಹೊಲದಲ್ಲಿ ಬಿಡಾರ ಹಾಕಿದ್ದನ್ನು ನೋಡಿದವರಿಗೆ ಗೊತ್ತು. ಊರಲ್ಲಿ ಆಡಲಾಗದ ಮಾತನ್ನು ಅಂಥ ಕಡೆ ಆಡಬಹುದು. ಅವರು ನಾಳೆ ಮುಂದಿನ ಊರಿಗೆ ಹೋಗುವವರು.

ಮರಾಠಿ ಅರ್ಥವಾಗುತ್ತದೆ ಅಂದರೆ 'ಫಂಡ್ರಿ' ಬಿಡಬೇಡಿ. ಅರ್ಥ ಆಗದಿದ್ದರೂ ಬಿಡಬೇಡಿ. ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ 2013ರಲ್ಲಿ ಮಾಡಿದ ಮೊದಲ ದೊಡ್ಡ ಸಿನಿಮಾ. ವಿಜಯಪುರದಿಂದ ಸೊಲ್ಲಾಪುರ ಎಷ್ಟು ದೂರ? ಆ ಬಯಲು, ಆ ಜಾಲಿಮರ, ಆ ಶಾಲೆ ಎಲ್ಲ ಇಲ್ಲಿಯದೇ ಅನ್ನಿಸುತ್ತದೆ. ಜಬ್ಯಾ ಊರು ಕೀಳಾಗಿ ಕಾಣುವ ಕೈಕಾಡಿ ಜಾತಿಯ ಹುಡುಗ. ತನ್ನ ಕ್ಲಾಸಿನ ಹುಡುಗಿ ಮೇಲೆ ಮನಸ್ಸು. ಅಪ್ಪನಿಗೆ ಊರಿನ ಹಂದಿ ಹಿಡಿಯುವ ಕೆಲಸ. ಇಡೀ ಶಾಲೆ ನೋಡುತ್ತಿರುವಾಗ ಆ ಹುಡುಗ ಮನೆಯವರ ಜೊತೆ ಹಂದಿ ಹಿಂದೆ ಓಡಬೇಕಾಗುತ್ತದೆ. ಇನ್ನೇನು ಹಂದಿ ಕೈಗೆ ಸಿಕ್ಕಿತು ಅನ್ನುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳಿಸುತ್ತದೆ. ಜಬ್ಯಾ ಅಲ್ಲೇ ನೆಟ್ಟಗೆ ನಿಲ್ಲುತ್ತಾನೆ. ಮನೆಯವರೂ ನಿಲ್ಲುತ್ತಾರೆ. ಹಂದಿ ಕಣ್ಣೆದುರೇ ದಾಟಿ ಹೋಗುತ್ತದೆ. ಆಮೇಲೆ ಹಿಡಿದ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ಹೋಗುವಾಗ ಹಿಂದಿನ ಗೋಡೆ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಚಿತ್ರಗಳಿವೆ. ಯಾರೂ ಅದರ ಬಗ್ಗೆ ಒಂದು ಮಾತೂ ಆಡಲ್ಲ. ಕ್ಯಾಮೆರಾ ದೂರ ಇಟ್ಟು ಸುಮ್ನೆ ನೋಡಿದ್ದಾರೆ. ಇಂಥ ಒಂದು ಶಾಟ್ ನನ್ನ ಕೈಯಿಂದ ಬಂದರೆ ಸಾಕು ಅಂತ ನನಗೆ ಯಾವತ್ತೂ ಆಸೆ. ಕೊನೆಯಲ್ಲಿ ಜಬ್ಯಾ ಏನು ಮಾಡುತ್ತಾನೆ ಅಂತ ಹೇಳಲ್ಲ. ನೀವೇ ನೋಡಿ.

'ಗುಲಾಬಿ ಟಾಕೀಸ್' ಮತ್ತೆ ಕಾಸರವಳ್ಳಿ, ಮತ್ತೆ ಉಮಾಶ್ರೀ. ವೈದೇಹಿಯವರ ಕಥೆಯಿಂದ ಬಂದದ್ದು. ಗುಲಾಬಿ ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಬಿಟ್ಟವಳು. ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಡಿಶ್ ಸಮೇತ ಬಣ್ಣದ ಟಿವಿ ಬರುತ್ತದೆ. ದೂರ ಇದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದು ಕೂರುತ್ತಾರೆ. ಆದರೆ ಅದು ಕಾರ್ಗಿಲ್ ಯುದ್ಧದ ಕಾಲ. ಟಿವಿಗಾಗಿ ತೆರೆದ ಬಾಗಿಲುಗಳು ಹೇಗೆ ಮುಚ್ಚಿಕೊಳ್ಳುತ್ತವೆ ಅನ್ನೋದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಉಮಾಶ್ರೀಯವರಿಗೆ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಉಳಿದವನ್ನು ಬೇಗ ಹೇಳುತ್ತೇನೆ. 'ಘಟಶ್ರಾದ್ಧ' 1977ರದು, ಕಾಸರವಳ್ಳಿಯವರ ಮೊದಲ ಸಿನಿಮಾ. ಬಸಿರಾದ ವಿಧವೆ ಯಮುನಾಳನ್ನು ಅಗ್ರಹಾರ ಹೊರಹಾಕುವುದನ್ನು ಒಬ್ಬ ಹುಡುಗನ ಕಣ್ಣಿಂದ ತೋರಿಸುತ್ತದೆ. ರಿಪೇರಿ ಮಾಡಿದ ಹೊಸ ಪ್ರಿಂಟ್ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಲ್ಲಾದರೂ ಆ ಪ್ರಿಂಟ್ ಸಿಕ್ಕರೆ ಅದನ್ನೇ ನೋಡಿ. 'ನಾನು ಅವನಲ್ಲ ಅವಳು' ಸವದತ್ತಿ ಗುಡ್ಡದಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಜೋಗಪ್ಪಗಳನ್ನು ನೋಡುತ್ತಾ ಬೆಳೆದ ನಮ್ಮಂಥವರು ನೋಡಲೇಬೇಕಾದದ್ದು. ಕೆಲವು ಕಡೆ ಪಾಠ ಹೇಳಿದ ಹಾಗೆ ಆಗುತ್ತದೆ, ಆದರೆ ಸಂಚಾರಿ ವಿಜಯ್ ಎಲ್ಲವನ್ನೂ ಎತ್ತಿ ಹಿಡಿದಿದ್ದಾರೆ. ನಟೇಶ್ ಹೆಗಡೆಯವರ 'ಪೆಡ್ರೊ'ನಲ್ಲಿ ಅವರ ತಂದೆಯೇ ಮುಖ್ಯ ಪಾತ್ರ ಮಾಡಿದ್ದಾರೆ. ಮಳೆಯೂರಿನ ಕಥೆ, ತುಂಬಾ ನಿಧಾನ. ಇದನ್ನು ಮೊದಲ ವಾರವೇ ಗೆಳೆಯರಿಗೆ ತೋರಿಸಬೇಡಿ.

ಹೊರದೇಶದ್ದು ಒಂದು ಹೇಳು ಅಂದರೆ ಜಿಮ್ ಜಾರ್ಮುಷ್ ಅವರ 'ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್', 1984ರದು. ಇನ್ನೊಬ್ಬ ನಿರ್ದೇಶಕ ವಿಮ್ ವೆಂಡರ್ಸ್ ಬಳಸಿ ಉಳಿದಿದ್ದ ಫಿಲ್ಮ್ ಕೊಟ್ಟಿದ್ದರಿಂದ ಶುರುವಾದ ಸಿನಿಮಾ. ಕೆಲಸವಿಲ್ಲದ ಇಬ್ಬರು ಗೆಳೆಯರು, ಹಂಗೇರಿಯಿಂದ ಬಂದ ಒಬ್ಬ ಹುಡುಗಿ, ಕಪ್ಪು ಬಿಳುಪು. ಹೆಚ್ಚೇನೂ ನಡೆಯಲ್ಲ. ಕಟ್ಟೆ ಮೇಲೆ ಕೂತು ಸಂಜೆ ಕಳೆದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ಬಗೆಯ ಸಿನಿಮಾ ಮಾತ್ರ ನಾನು ಯಾರಿಗೂ ಹೇಳಲ್ಲ. ಹೊಂದದವನನ್ನು ಕೊನೆ ಹತ್ತು ನಿಮಿಷದಲ್ಲಿ ತೊಳೆದು, ಬಾಚಿ, ಊರಿಗೆ ಒಪ್ಪುವ ಹಾಗೆ ಮಾಡಿ ಚಪ್ಪಾಳೆ ತಟ್ಟಿಸುವಂಥದ್ದು. ನಮ್ಮ ಮದುವೆ ವಿಡಿಯೊದಲ್ಲಿ ಮಾಡೋದನ್ನೇ ಅವರೂ ಮಾಡುತ್ತಾರೆ, ದೊಡ್ಡ ಪರದೆ ಮೇಲೆ ಅಷ್ಟೆ.

ಮನೆಯಲ್ಲಿ ಮಕ್ಕಳಿದ್ದರೆ 'ಡೇರ್‌ಡೆವಿಲ್ ಮುಸ್ತಾಫಾ' ಹಾಕಿ. ತೇಜಸ್ವಿಯವರ ಕಥೆ, 2023ರಲ್ಲಿ ಬಂತು. ಅವರ ಓದುಗರೇ ನೂರು ಜನ ಕೈಯಿಂದ ದುಡ್ಡು ಹಾಕಿ ನಿರ್ಮಾಣ ಮಾಡಿದ್ದು. ಕ್ಲಾಸಿಗೆ ಒಬ್ಬನೇ ಮುಸ್ಲಿಂ ಹುಡುಗ ಬಂದರೆ ಏನೇನಾಗುತ್ತದೆ ಅನ್ನೋದನ್ನು ಕ್ರಿಕೆಟ್, ಜಗಳ, ತಮಾಷೆ ಎಲ್ಲ ಇಟ್ಟುಕೊಂಡು ಹೇಳುತ್ತದೆ. ಎಂಟನೇ, ಒಂಬತ್ತನೇ ಕ್ಲಾಸಿನವರು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಾರೆ. 'ಫಂಡ್ರಿ' ಅವರಿಗೆ ಸ್ವಲ್ಪ ದೊಡ್ಡವರಾದ ಮೇಲೆ ತೋರಿಸಿ, ಮತ್ತು ತೋರಿಸುವಾಗ ನೀವೂ ಪಕ್ಕದಲ್ಲಿ ಕೂತಿರಿ. ಮುಗಿದ ಮೇಲೆ ಅವರು ಪ್ರಶ್ನೆ ಕೇಳುತ್ತಾರೆ.