ಗಂಗಾವತಿಯಿಂದ ದುಬೈಗೆ ಒಂದು ಕಂಟೇನರ್ ಅಕ್ಕಿ ಕಳಿಸಲು ಯಾವ ಬಂದರು ಒಳ್ಳೆಯದು?

ಗಂಗಾವತಿ ಮಿಲ್ಲಿನಿಂದ 25 ಟನ್ ಸೋನಾ ಮಸೂರಿ ದುಬೈಗೆ ಹೋಗಬೇಕು, ಮಂಗಳೂರೇ ಸಾಕಲ್ಲವಾ ಅಂತ ಕೇಳಿದ್ದೀರಿ. ಕಿಲೋಮೀಟರ್ ಲೆಕ್ಕ ಆಮೇಲೆ. ದುಬೈನ ಬಂದರಾದ ಜೆಬೆಲ್ ಅಲಿಗೆ ನೇರ ಹಡಗು ಎಲ್ಲಿಂದ ಇದೆ, ಅಲ್ಲಿ ಅಕ್ಕಿ ತುಂಬುವಂಥ ಖಾಲಿ ಕಂಟೇನರ್ ಸಿಗುತ್ತಾ, ಇವೆರಡನ್ನು ಮೊದಲು ವಿಚಾರಿಸಿ. ಮಳೆಗಾಲದಲ್ಲಿ ಮಂಗಳೂರಿನ ಘಟ್ಟದ ದಾರಿಯಲ್ಲಿ ಗುಡ್ಡ ಕುಸಿದು ಲಾರಿ ನಿಂತರೆ ಹಡಗು ತಪ್ಪಿದಂತೆಯೇ. ಆಂಧ್ರದ ಪೂರ್ವ ಕರಾವಳಿಯ ಕೃಷ್ಣಪಟ್ಟಣಕ್ಕೆ ಕೊಪ್ಪಳ, ಬಳ್ಳಾರಿ ಮೇಲಿಂದ 67ನೇ ಹೆದ್ದಾರಿ ಇದೆ, ನಿಜ; ಆದರೆ ಅಲ್ಲಿ ಕಲ್ಲಿದ್ದಲಿನಂಥ ಸರಕಿನದೇ ಕಾರುಬಾರು, ಮೇಲಾಗಿ ಹಡಗು ಶ್ರೀಲಂಕಾ ಸುತ್ತಿ ಬರಬೇಕು. ಅದೇ ಕರಾವಳಿಯ ಕಾಕಿನಾಡ ಹಡಗುಗಟ್ಟಲೆ ಅಕ್ಕಿ ಕಳಿಸುವವರ ಜಾಗ. ಮೊದಲ ಸಲಕ್ಕೆ ನಾನು ಹೇಳುವುದು ಮುಂಬೈ ಹತ್ತಿರದ ನವಾ ಶೇವಾ ಬಂದರು. ಲಾರಿ ಬಾಡಿಗೆ ಹೆಚ್ಚಾದರೂ ಹಡಗುಗಳು ಹೆಚ್ಚು. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

20 ಅಡಿಯದನ್ನೇ ಬುಕ್ ಮಾಡಿ. 40 ಅಡಿಯದರಲ್ಲಿ ಜಾಗ ದುಪ್ಪಟ್ಟಿದ್ದರೂ ತೂಕದ ಮಿತಿ ದುಪ್ಪಟ್ಟಿರುವುದಿಲ್ಲ. ಖಾಲಿ ಕಂಟೇನರನ್ನು ಮಿಲ್ಲಿಗೆ ತರಿಸಿದರೆ ಬರುವ ಬಾಡಿಗೆಯೂ ನಿಮ್ಮ ತಲೆಗೇ. ಅದರ ಬದಲು 25 ಕೆಜಿಯ 1,000 ಚೀಲವನ್ನು ಲಾರಿಯಲ್ಲಿ ಬಂದರಿನ ಹತ್ತಿರದ ಸಿಎಫ್‌ಎಸ್ (ಕಂಟೇನರ್ ತುಂಬುವ, ಇಳಿಸುವ) ಗೋದಾಮಿಗೆ ಕಳಿಸಿ ಅಲ್ಲೇ ತುಂಬಿಸಿ. ಹಮಾಲಿ ಎರಡು ಸಲ ಆಗುತ್ತದೆ, ಕೊಕ್ಕೆ ತಗುಲಿ ಚೀಲ ಹರಿಯುತ್ತದೆ. ಅದೇ ಮುದ್ರಣದ ಹತ್ತಿಪ್ಪತ್ತು ಖಾಲಿ ಚೀಲ, ಹೊಲಿಯುವ ದಾರ ಲಾರಿಯಲ್ಲೇ ಹಾಕಿ ಕಳಿಸಿ.

ಸರಕು ಕೆಡುವುದು ತೇವದಿಂದ. ಅಕ್ಕಿಯ ತೇವಾಂಶ 14% ದಾಟಲೇಬಾರದು, 13ರ ಒಳಗಿದ್ದರೆ ನಿಶ್ಚಿಂತೆ. ಹಗಲು ಕಾದ ಕಂಟೇನರಿನ ತಗಡು ರಾತ್ರಿ ತಣ್ಣಗಾದಾಗ ಚಾವಣಿಯ ಒಳಮೈಯಲ್ಲಿ ನೀರು ಕಟ್ಟಿ ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಬೂಸ್ಟು ಶುರುವಾಗುವುದು ಅಲ್ಲೇ. ಗೋಡೆಗೆ, ನೆಲಕ್ಕೆ, ಮೇಲಿನ ಸಾಲಿಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಪೊಟ್ಟಣ ಕಟ್ಟಿಸಿ. ತುಂಬುವ ಮೊದಲು ನಿಮ್ಮ ಮನುಷ್ಯ ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಂಡು ನಿಲ್ಲಲಿ: ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ತೂತಿದೆ. ಮೆಣಸಿನಕಾಯಿ, ರಾಸಾಯನಿಕದ ವಾಸನೆ ಬಂದರೂ ವಾಪಸ್ ಕಳಿಸಿ. ಸಿಎಚ್‌ಎ, ಅಂದರೆ ನಿಮ್ಮ ಕಸ್ಟಮ್ಸ್ ಏಜೆಂಟ್, "ನಡೆಯುತ್ತೆ ಸಾರ್" ಅಂದರೂ ಒಪ್ಪಬೇಡಿ.

ಕಾಗದಪತ್ರ ಸಿಎಚ್‌ಎ ನೋಡಿಕೊಳ್ಳುತ್ತಾನೆ. ಆದರೂ ಐಇಸಿ (ಆಮದು-ರಫ್ತು ಸಂಖ್ಯೆ), ಅಪೆಡಾ (ಕೃಷಿ ರಫ್ತಿನ ಸರ್ಕಾರಿ ಸಂಸ್ಥೆ) ನೋಂದಣಿ, ಜಿಎಸ್‌ಟಿಯ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ನೀವೇ ತಯಾರಿಟ್ಟುಕೊಳ್ಳಿ. ಎಡಿ ಕೋಡ್ (ನಿಮ್ಮ ಬ್ಯಾಂಕ್ ಕೊಡುವ ಸಂಖ್ಯೆ) ಆ ಬಂದರಿನಲ್ಲಿ ದಾಖಲಾಗಿದೆಯಾ ನೋಡಿ, ಇಲ್ಲದಿದ್ದರೆ ಶಿಪ್ಪಿಂಗ್ ಬಿಲ್, ಅಂದರೆ ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಪತ್ರ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹುಳು ಸಾಯಿಸುವ ಅಲ್ಯೂಮಿನಿಯಂ ಫಾಸ್ಫೈಡ್ ಧೂಮೀಕರಣಕ್ಕೆ ಹಲವು ದಿನ ಬೇಕು, ಅದನ್ನು ಲೆಕ್ಕಕ್ಕೆ ಹಿಡಿದೇ ಲಾರಿ ಹೊರಡಿಸಿ. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ತೂಕದ ಘೋಷಣೆ, ಅಂದರೆ ವಿಜಿಎಂ, ಇಲ್ಲದೆ ಹಡಗಿಗೆ ಏರಿಸುವುದಿಲ್ಲ. ಗೇಟ್ ಕಟ್-ಆಫ್, ಅಂದರೆ ಕಂಟೇನರ್ ಬಂದರಿನ ಒಳಗೆ ಸೇರಬೇಕಾದ ಕೊನೆಯ ಹೊತ್ತು, ಹಡಗು ಹೊರಡುವ ಹೊತ್ತಿಗಿಂತ ಸಾಕಷ್ಟು ಮೊದಲೇ ಇರುತ್ತದೆ. ತಪ್ಪಿದರೆ ಮುಂದಿನ ಹಡಗಿನ ತನಕ ಯಾರ್ಡ್ ಬಾಡಿಗೆ ಒಂದು ಕಡೆ, ಕಂಟೇನರ್ ಇಟ್ಟುಕೊಂಡದ್ದಕ್ಕೆ ಶಿಪ್ಪಿಂಗ್ ಲೈನಿನ ಡಿಟೆನ್ಷನ್ ಇನ್ನೊಂದು ಕಡೆ.

ಮುಂಗಡ ತೆಗೆದುಕೊಳ್ಳುವ ಮೊದಲು ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ನಿರ್ದೇಶನಾಲಯ) ಅಧಿಸೂಚನೆ ನೋಡಿ. 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ಏಕಾಏಕಿ ನಿಂತಿತು, ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಸರ್ಕಾರ ತಡೆದರೆ ಮುಂಗಡ ವಾಪಸ್, ದಂಡವಿಲ್ಲ ಎಂಬ ಷರತ್ತನ್ನು ಒಪ್ಪಂದದಲ್ಲೇ ಬರೆಸಿ.