ಬೇಸಿಗೆಯಲ್ಲಿ ಎಮ್ಮೆ ಕೆಸರಿಗೆ ಇಳಿಯುವುದೇಕೆ?

ಮೈ ತಂಪು ಮಾಡಿಕೊಳ್ಳಲು. ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಜೊತೆಗೆ ಕಪ್ಪು ಮೈ, ವಿರಳ ಕೂದಲು. ಬಿಸಿಲು ನೇರ ಚರ್ಮಕ್ಕೇ ತಟ್ಟುತ್ತದೆ. ಬೆವರು ಮಾಡಬೇಕಾದ ಕೆಲಸವನ್ನು ಕೆಸರು ಮಾಡುತ್ತದೆ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು, ಅದರಲ್ಲಿ ಒಂದು ಪಾಲು ಮೈಯಿಂದ ಹೋಗುತ್ತದೆ. ಬರೀ ನೀರು ಬೇಗ ಆರುತ್ತದೆ, ಕೆಸರಿನ ಲೇಪ ತೇವವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ನೊಣದ ಕಾಟವೂ ತಗ್ಗುತ್ತದೆ.

ಹತ್ತಿರ ಕೆರೆಯಿಲ್ಲದಿದ್ದರೆ ನೆರಳಲ್ಲಿ ಕಟ್ಟಿ, ಮಧ್ಯಾಹ್ನ ಎರಡು-ಮೂರು ಸಲ ಮೈಗೆ ನೀರು ಹೊಯ್ಯಿರಿ. ಗಾಳಿಯಾಡದ ಕೊಟ್ಟಿಗೆಯಲ್ಲಿ ಮಾತ್ರ ಇದು ಫಲಿಸದು. ನೀರು ಆವಿಯಾಗದೆ ಸೆಕೆಯೇ ಹೆಚ್ಚುತ್ತದೆ. ಮೇವು ಬಿಟ್ಟು ಬಾಯಿ ತೆರೆದು ಏದುತ್ತಿದ್ದರೆ ತಡಮಾಡದೆ ನೀರು ಸುರಿದು ಪಶುವೈದ್ಯರನ್ನು ಕರೆಯಿರಿ.