ಇಂಜಿನಿಯರಿಂಗ್ ಬಿಟ್ಟರೆ ಬೇರೆ ಏನು ಮಾಡಬಹುದು? ಗಾಣ ಹಾಕಿದವನ ಉತ್ತರ

ವಯಸ್ಸು 31, ಓದಿದ್ದು ಮೆಕ್ಯಾನಿಕಲ್, 8 ವರ್ಷ ಕೆಲಸ ಮಾಡಿ ಸಾಕಾಗಿದೆ, ಬಿಟ್ಟರೆ ಬೇರೆ ಏನು ಮಾಡಬಹುದು, ಬೇಕರಿ ಹಾಕುವ ಆಸೆ ಇದೆ, ಆದರೆ ಓದಿದ್ದೆಲ್ಲ ದಂಡ ಆಗುತ್ತದಾ ಅಂತ ಕೇಳಿದ್ದೀರಿ. ನಾನೂ ಮೆಕ್ಯಾನಿಕಲ್. ಪೀಣ್ಯದ ಒಂದು ಕಾರ್ಖಾನೆಯಲ್ಲಿ 9 ವರ್ಷ ಇದ್ದೆ. ಈಗ ತಿಪಟೂರಿನ ಹತ್ತಿರ ನಮ್ಮೂರಲ್ಲಿ ಮರದ ಗಾಣ ಹಾಕಿಕೊಂಡಿದ್ದೇನೆ. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಇಷ್ಟರ ಎಣ್ಣೆ ತೆಗೆದು ಮಾರುತ್ತೇನೆ. ಇದಕ್ಕೆ ಬಂದು 5 ವರ್ಷ ಆಯಿತು.

ನನಗೆ ಗೊತ್ತಾಗಿರುವುದು ಇಷ್ಟು. ಹೊಸ ಕೆಲಸ ಹುಡುಕುವಾಗ ನಾವು ಅದರ ಚೆಂದದ ಭಾಗವನ್ನೇ ನೋಡುತ್ತೇವೆ. ನೋಡಬೇಕಾದದ್ದು ಅದರ ಬೇಸರದ ಭಾಗವನ್ನು. ದಿನಾ ಮಾಡಬೇಕಾದ, ಯಾರೂ ಹೊಗಳದ, ಕೈ ನೋಯುವ ಕೆಲಸ ಒಂದು ಎಲ್ಲದರಲ್ಲೂ ಇರುತ್ತದೆ. ಅದನ್ನು ನೀವು ಮಾಡಬಲ್ಲಿರಾ ಅಂತ ಮೊದಲು ನೋಡಿಕೊಳ್ಳಿ.

ನಾನು ಕೆಲಸ ಬಿಟ್ಟದ್ದು ಇಂಜಿನಿಯರಿಂಗ್ ಇಷ್ಟವಿಲ್ಲ ಅಂತ ಅಲ್ಲ. ಮೊದಲ ನಾಲ್ಕು ವರ್ಷ ಗೇರ್ ಕತ್ತರಿಸುವ ಮಷಿನ್ ಪಕ್ಕದಲ್ಲೇ ಇದ್ದೆ, ಸಂತೋಷವಾಗಿದ್ದೆ. ಬಡ್ತಿ ಸಿಕ್ಕ ಮೇಲೆ ಎಕ್ಸೆಲ್, ಮೇಲ್, ಮೀಟಿಂಗ್. ಕೈಗೆ ಗ್ರೀಸ್ ಹತ್ತಿ ತಿಂಗಳುಗಳೇ ಆಗುತ್ತಿದ್ದವು. ಒಂದು ಸಂಕ್ರಾಂತಿಗೆ ಊರಿಗೆ ಹೋದಾಗ ನಿಂತುಹೋಗಿದ್ದ ಪಂಪ್‌ಸೆಟ್ ಬಿಚ್ಚಿ ರಿಪೇರಿ ಮಾಡಿದೆ, ಆವತ್ತು ರಾತ್ರಿ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ನನಗೆ ಬೇಕಿರುವುದು ಯಂತ್ರದ ಹತ್ತಿರದ ಕೆಲಸ ಅಂತ ಆಗ ತಿಳಿಯಿತು. ನಿಮಗೂ ಯಾವುದು ಸಾಕಾಗಿದೆ ಅಂತ ಒಂದು ಸಲ ಬಿಡಿಸಿ ನೋಡಿ. ಕೆಲಸವಾ, ಆ ಕಂಪನಿಯಾ, ಅಥವಾ ಬೆಂಗಳೂರಿನ ಓಡಾಟವಾ? ಕಂಪನಿ ಸಾಕಾಗಿದ್ದರೆ ಇನ್ನೊಂದು ಕಂಪನಿ ನೋಡಿದರೆ ಮುಗಿಯಿತು, ಬದುಕನ್ನೇ ತಿರುಗಿಸಬೇಕಾಗಿಲ್ಲ.

ಗಾಣದ ವಿಷಯಕ್ಕೆ ಬರ್ತೀನಿ, ಯಾಕೆಂದರೆ ನಾನು ಗ್ಯಾರಂಟಿಯಾಗಿ ಹೇಳಬಲ್ಲದ್ದು ಅದೊಂದನ್ನೇ.

ಓದಿದ್ದು ದಂಡ ಆಗಲಿಲ್ಲ. ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಗಾಣ ತಿರುಗಬೇಕಾದದ್ದು ಸುಮಾರು 12ರಿಂದ 15 ಸುತ್ತು. ನಡುವೆ ಇರುವುದೆಲ್ಲ ಬೆಲ್ಟು ಮತ್ತು ಗೇರ್‌ಬಾಕ್ಸ್. ಬೇಗ ಮುಗಿಯಲಿ ಅಂತ ವೇಗ ಜಾಸ್ತಿ ಮಾಡಿದರೆ ತಿಕ್ಕಾಟದಿಂದ ಬಿಸಿ ಏರುತ್ತದೆ, ಗಾಣದ ಎಣ್ಣೆಗೆ ಇರುವ ಆ ಪರಿಮಳ ಹೋಗುತ್ತದೆ. ಮೊದಲ ವರ್ಷ ದೀಪಾವಳಿಗೆ ನಾಲ್ಕು ದಿನ ಇರುವಾಗ ಗೇರ್‌ಬಾಕ್ಸ್‌ನಲ್ಲಿ ಸದ್ದು ಶುರುವಾಯಿತು. ಮಾರಿದವರು ಎಂಟು ದಿನ ಬಿಟ್ಟು ಬರುತ್ತೇವೆ ಅಂದರು. ಆ ಸದ್ದು ಬೇರಿಂಗಿನದೇ ಅಂತ ನನಗೆ ಗೊತ್ತಿತ್ತು. ರಾತ್ರಿ ಬಿಚ್ಚಿ, ಬೆಳಿಗ್ಗೆ ತಿಪಟೂರಿಗೆ ಹೋಗಿ ಬೇರಿಂಗ್, ಆಯಿಲ್ ಸೀಲ್ ತಂದು ಹಾಕಿದೆ. ಮಧ್ಯಾಹ್ನಕ್ಕೆ ಗಾಣ ತಿರುಗುತ್ತಿತ್ತು.

ಆದರೆ ಕಾಲೇಜು ಕಲಿಸದ್ದೂ ತುಂಬಾ ಇತ್ತು. ಅದನ್ನು ಕಲಿತದ್ದು ಪಕ್ಕದ ಊರಿನ ಗಾಣಿಗರ ಮನೆಯ ತಾತನ ಹತ್ತಿರ. ಚಿಕ್ಕಂದಿನಲ್ಲಿ ಎತ್ತಿನ ಗಾಣ ಹೊಡೆದವರು ಅವರು. ಒಂದು ಬೀಜ ಹಲ್ಲಲ್ಲಿ ಕಚ್ಚಿ ನೋಡಿ, "ಇನ್ನೂ ಒಂದಿನ ಬಿಸಿಲು ಬೇಕು ಕಣಪ್ಪ, ಈಗ ಹಾಕಿದ್ರೆ ಎಣ್ಣೆ ಬಿಡಲ್ಲ, ಹಿಟ್ಟಾಗುತ್ತೆ" ಅನ್ನುತ್ತಿದ್ದರು. ಎಳ್ಳು ಅರೆಯುವಾಗ ಬೆಲ್ಲ ಯಾಕೆ ಹಾಕುತ್ತಾರೆ ಅಂತ ನನಗೆ ತಿಳಿದಿರಲಿಲ್ಲ. ಅಂಟಿಗೆ ಹಿಂಡಿ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಎಣ್ಣೆ ಬೇರೆಯಾಗಿ ಬರುತ್ತದೆ. ಅವರ ಜೊತೆ ಆರು ತಿಂಗಳು, ಪ್ರತಿ ಶನಿವಾರ ಭಾನುವಾರ, ಕೆಲಸ ಬಿಡುವ ಮುಂಚೆಯೇ ಹೋಗಿ ಕೂತೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಯಾರಿಕೆಯ ಚಿಕ್ಕ ಚಿಕ್ಕ ತರಬೇತಿಗಳು ನಡೆಯುತ್ತವೆ, ಅಂಥದ್ದೊಂದಕ್ಕೂ ಹೋಗಿ ಬಂದೆ. ಎರಡೂ ಬೇಕು.

ಬೇಸರದ ಭಾಗ ಯಾವುದು ಅಂದರೆ ಬೀಜ ಆರಿಸುವುದು. ಕಡಲೆಬೀಜದಲ್ಲಿ ಬೂಷ್ಟು ಹಿಡಿದದ್ದು, ಸುಕ್ಕಾದದ್ದು, ಬಣ್ಣ ಕೆಟ್ಟದ್ದು ಇದ್ದೇ ಇರುತ್ತದೆ. ತೇವ ಉಳಿದರೆ ಬರುವ ಒಂದು ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ, ಅದು ಲಿವರಿಗೆ ಕೆಟ್ಟದ್ದು. ರಿಫೈನ್ ಮಾಡದ ಎಣ್ಣೆಯಾದ್ದರಿಂದ ಇಲ್ಲಿ ಬೀಜ ಚೆನ್ನಾಗಿರುವುದೊಂದೇ ರಕ್ಷಣೆ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಮೂರು ಗಂಟೆ ನಾನು, ನನ್ನ ಹೆಂಡತಿ, ಇನ್ನಿಬ್ಬರು ಹೆಂಗಸರು ಜರಡಿ ಹಿಡಿದು ಕೂರುತ್ತೇವೆ. ಚಳಿಗಾಲದಲ್ಲೂ ಅಷ್ಟೇ. ಮಕ್ಕಳು ತಿನ್ನುವ ಎಣ್ಣೆ ಇದು, ಇಲ್ಲಿ ಸೋಮಾರಿತನ ಮಾಡುವ ಹಾಗೇ ಇಲ್ಲ. ಈ ಮೂರು ಗಂಟೆ ನನಗೆ ಭಾರ ಅನ್ನಿಸಲಿಲ್ಲ, ಅದಕ್ಕೇ ಇಲ್ಲಿ ಉಳಿದೆ. ನನ್ನ ಜೊತೆಗೇ ಗಾಣ ಶುರು ಮಾಡಿದ ಇನ್ನೊಬ್ಬ ಇಂಜಿನಿಯರ್ ಗೆಳೆಯನಿಗೆ ಇದೇ ಆಗಲಿಲ್ಲ. ಒಂದೂವರೆ ವರ್ಷಕ್ಕೆ ಗಾಣ ಮಾರಿ ವಾಪಸ್ ಕಂಪನಿಗೆ ಹೋದ, ಅಲ್ಲಿ ನೆಮ್ಮದಿಯಾಗಿದ್ದಾನೆ. ಅದರಲ್ಲಿ ತಪ್ಪೇನೂ ಇಲ್ಲ, ಹಣ ಮಾತ್ರ ಹೋಯಿತು.

ದುಡ್ಡಿನ ಮಾತು ಬಿಡಿಸಿ ಹೇಳುತ್ತೇನೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ನನ್ನ ಗಾಣದಲ್ಲಿ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 120 ರೂಪಾಯಿ ಅಂದುಕೊಂಡರೆ ಬೀಜಕ್ಕೇ 300 ಆಯಿತು. ಹಿಂಡಿಯನ್ನು ಹಸುಗಳಿಗೆ ಮಾರಿ ಸ್ವಲ್ಪ ವಾಪಸ್ ಬರುತ್ತದೆ, ಆಮೇಲೆ ಕೂಲಿ, ಕರೆಂಟು, ಬಾಟಲಿ. ಅಂಗಡಿಯ ಅಗ್ಗದ ಎಣ್ಣೆಯ ಜೊತೆ ದರದಲ್ಲಿ ಪೈಪೋಟಿ ಮಾಡಲು ಆಗುವುದಿಲ್ಲ, ನಂಬಿಕೆಯಿಂದ ಕೊಳ್ಳುವ ಮನೆಗಳು ಬೇಕು. ಮೊದಲ ವರ್ಷ ತಿಂಗಳಿಗೆ 9,000 ಉಳಿದರೆ ಹೆಚ್ಚು. ಈಗ 40,000ದ ಆಸುಪಾಸು, ಸುಗ್ಗಿಯಲ್ಲಿ ಬೀಜ ಕೊಂಡು ಇಟ್ಟ ವರ್ಷ ಇನ್ನೂ ಸ್ವಲ್ಪ ಜಾಸ್ತಿ. ಬಿಡುವಾಗ ನನ್ನ ಸಂಬಳ 68,000 ಇತ್ತು. 14 ತಿಂಗಳ ಮನೆಖರ್ಚು ಕೂಡಿಟ್ಟುಕೊಂಡೇ ರಾಜೀನಾಮೆ ಕೊಟ್ಟೆ. ಯಂತ್ರಕ್ಕೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲ ತೆಗೆದೆ. ಕೇಂದ್ರ 2020ರಲ್ಲಿ ಚಿಕ್ಕ ಆಹಾರ ತಯಾರಿಕಾ ಘಟಕಗಳಿಗೆ ಅಂತ ಶುರು ಮಾಡಿದ ಯೋಜನೆ ಅದು, ಆಗ 35% ಸಹಾಯಧನ ಇತ್ತು. ಅದರ ಮೇಲೆ ನಮ್ಮ ರಾಜ್ಯ ಸರ್ಕಾರ 15% ಸೇರಿಸಿ ಕೊಡುತ್ತಿತ್ತು. ಬೇಕರಿಯೂ ಆಹಾರ ತಯಾರಿಕೆಯೇ, ನಿಮ್ಮ ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಈಗ ಹೇಗಿದೆ ಅಂತ ವಿಚಾರಿಸಿ.

ಬೇಕರಿ, ಗಾಣ ಬಿಟ್ಟು ಬೇರೆ ದಾರಿಗಳೂ ಇವೆ. ನನ್ನ ಬ್ಯಾಚಿನ ಗೆಳತಿಯೊಬ್ಬಳು ಪೇಟೆಂಟ್ ಏಜೆಂಟ್ ಆದಳು, ಅಂದರೆ ಹೊಸದೇನಾದರೂ ಕಂಡುಹಿಡಿದವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ಕೊಡುವ ಕೆಲಸ. ಇದಕ್ಕೆ ಲಾ ಓದಬೇಕಾಗಿಲ್ಲ, ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿಯೇ ಬೇಕು. ಭಾರತದ ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ, ಎರಡು ಪೇಪರ್ ಮತ್ತು ಮೌಖಿಕ, ಎರಡೂ ಪೇಪರಿನಲ್ಲಿ ತಲಾ 50%, ಎಲ್ಲ ಸೇರಿ ಒಟ್ಟು 60% ಬರಬೇಕು. ಅಲ್ಲಿನ ಬೇಸರ ಅಂದರೆ ಹಳೆಯ ಪೇಟೆಂಟುಗಳನ್ನು ದಿನಗಟ್ಟಲೆ ಓದುವುದು, ಮತ್ತೆ ಒಂದು ಕ್ಲೇಮನ್ನು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಅನ್ನುವುದನ್ನು, ಎಷ್ಟೇ ಉದ್ದವಾದರೂ ಒಂದೇ ವಾಕ್ಯದಲ್ಲಿ ಬರೆಯುವುದು. ಅವಳಿಗೆ ಅದೇ ಇಷ್ಟ. ಮೇಷ್ಟ್ರಾಗುವ ಮನಸ್ಸಿದ್ದರೆ ಎರಡು ವರ್ಷದ ಬಿ.ಎಡ್. ಇದೆ, ಬಿ.ಇ. ಆದವರಿಗೂ ಅವಕಾಶ ಉಂಟು. ಅಲ್ಲಿನ ಬೇಸರ ಉತ್ತರ ಪತ್ರಿಕೆಗಳ ಕಂತೆ. ಐಎಎಸ್ ಬಗ್ಗೆ ಯಾರಾದರೂ ಹೇಳಿದರೆ ವಯಸ್ಸು ನೋಡಿಕೊಳ್ಳಿ, ಸಾಮಾನ್ಯ ವರ್ಗಕ್ಕೆ 32ರ ತನಕ ಮಾತ್ರ, 6 ಸಲ. ನಿಮಗೆ 31.

ಹಿಂದೆ ಮುಂದೆ ಹೋಗಿ ಬರುವುದು ಅವಮಾನ ಅಂತ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕ್ರಿಕೆಟಿಗ ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಆಡಲು ಶುರು ಮಾಡಿ, ವೆಸ್ಟ್ ಇಂಡೀಸ್ ಪ್ರವಾಸ ಮುಗಿದ ಮೇಲೆ ಇಂಜಿನಿಯರಿಂಗ್ ಓದಲು ಹೋದರು. ತಂಡಕ್ಕೆ ವಾಪಸ್ ಬಂದದ್ದು 1967ರಲ್ಲಿ. ಆಮೇಲೂ ಆಡಿ 49 ಟೆಸ್ಟಿನಲ್ಲಿ 189 ವಿಕೆಟ್ ತೆಗೆದರು.

ಈಗ ನಿಮ್ಮ ಬೇಕರಿ. ನಿಮ್ಮ ಬೀದಿಯಲ್ಲೂ ಹಾಸನದ ಕಡೆಯಿಂದ ಬಂದವರ ಒಂದು ಅಯ್ಯಂಗಾರ್ ಬೇಕರಿ ಇರಬಹುದು. ಅವರನ್ನೇ ಕೇಳಿ, "ಅಣ್ಣಾ, ಎರಡು ತಿಂಗಳು ಭಾನುವಾರ ಭಾನುವಾರ ಬಂದು ಕೆಲಸ ಮಾಡ್ತೀನಿ, ದುಡ್ಡು ಬೇಡ" ಅಂತ. ಕೇಕಿನ ಮೇಲೆ ಹೂವು ಬಿಡಿಸುವ ಕೆಲಸ ಕೇಳಬೇಡಿ. ಬೆಳಗಿನ ಜಾವ ಎದ್ದು ಹಿಟ್ಟು ನಾದುವುದು, ಓವನ್ ಮುಂದೆ ಬೆವರುವುದು, ಟ್ರೇ ತೊಳೆಯುವುದು, ಸಂಜೆ ಉಳಿದ ಬ್ರೆಡ್ ಲೆಕ್ಕ ಹಾಕುವುದು, ಇವನ್ನು ಕೇಳಿ. ಎಂಟು ಭಾನುವಾರ ಆದ ಮೇಲೆ ಒಂಬತ್ತನೆಯದಕ್ಕೆ ಎದ್ದು ಹೋಗುವ ಮನಸ್ಸು ಬಂತಾ ಇಲ್ಲವಾ ಅಂತ ಇಲ್ಲೇ ಬರೆಯಿರಿ, ನಾನು ಓದುತ್ತೇನೆ.